ಕರ್ನಾಟಕದಲ್ಲಿ ಸಮಾಂತರ ಗಣನೆಯ ಉಗಮ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ದೃಷ್ಟಿಯಿಂದ

ಭಾರತದ ಸಮಾಂತರ ಗಣನೆಯ ಚರಿತ್ರೆಯನ್ನು 1991ರಲ್ಲಿ ಪುಣೆಯ ಸಿ-ಡ್ಯಾಕ್ ಸಂಸ್ಥೆ ನಿರ್ಮಿಸಿದ ಪರಮ್ 8000 ಯಂತ್ರದಿಂದ ಆರಂಭಿಸುವುದು ವಾಡಿಕೆಯಾಗಿದೆ. ಅಮೆರಿಕವು ತನ್ನ ಪ್ರಬಲವಾದ ಕ್ರೇ ಯಂತ್ರವನ್ನು ಕೊಡಲೊಲ್ಲದೆ ಹೋದುದೇ ಇದಕ್ಕೆ ಪ್ರೇರಣೆಯೆಂದೂ ಹೇಳುವುದುಂಟು. ಪುಣೆಯ ಮಟ್ಟಿಗೆ ಈ ಮಾತು ಒಪ್ಪತಕ್ಕದ್ದೇ. ಆದರೆ ಸಿ-ಡ್ಯಾಕ್ ಸ್ಥಾಪನೆಯಾದುದು 1988ರಲ್ಲಿ. ಅದಕ್ಕೆ ಎರಡು ವರ್ಷ ಮುಂಚೆ, 1986ರಲ್ಲಿಯೇ, ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ 'ಫ್ಲೋಸಾಲ್ವರ್' ಎಂಬ ಸಮಾಂತರ ಗಣಕ ಕೆಲಸಮಾಡತೊಡಗಿತ್ತು. ಆದುದರಿಂದ ಈ ವಿದ್ಯೆಯ ಉಗಮವನ್ನು ಪರರ ನಿರಾಕರಣೆಯಲ್ಲಿ ಮಾತ್ರವೇ ಅಲ್ಲದೆ ನಮ್ಮ ಅಗತ್ಯಗಳಲ್ಲಿಯೂ ಅರಸಬೇಕೆಂಬುದು ನಮ್ಮ ಅಭಿಪ್ರಾಯ.

ಆಗ ಪ್ರಯೋಗಾಲಯದ ನಿರ್ದೇಶಕರಾಗಿದ್ದವರು ರೊದ್ದಂ ನರಸಿಂಹ ಅವರು. ಯಂತ್ರನಿರ್ಮಾಣದ ನೇತೃತ್ವ ವಹಿಸಿದವರು ಯು. ಎನ್. ಸಿನ್ಹಾ ಅವರು. ಗಾಳಿ ನೀರುಗಳ ಹರಿವಿನ ಸಮೀಕರಣಗಳನ್ನು ಬಿಡಿಸುವುದೇ ಅದರ ಉದ್ದೇಶವಾಗಿದ್ದಿತೆಂಬುದು ಹೆಸರಿನಿಂದಲೇ ವಿದಿತವಾಗುತ್ತದೆ. ಸಾಮಾನ್ಯ ಗಣಕಗಳಲ್ಲಿ ಬಳಕೆಯಲ್ಲಿದ್ದ 8086 ಜಾತಿಯ ನಾಲ್ಕು ಸಂಸ್ಕಾರಕಗಳನ್ನು ಜೋಡಿಸಿ ಮೊದಲ ಯಂತ್ರವನ್ನು ಕಟ್ಟಲಾಯಿತು. 1990ರ ದಶಕದಲ್ಲಿ ಮುಂಗಾರಿನ ಮುನ್ಸೂಚನೆಯ ಲೆಕ್ಕವನ್ನೂ ಇದೇ ಮಾಲೆಯ ಯಂತ್ರಗಳ ಮೇಲೆ ನಡೆಸಲಾಯಿತು.

ಕೆಲಸವನ್ನು ಹಂಚಿದ ಮಾತ್ರಕ್ಕೆ ಅದು ಕೂಡಿಬರುವುದಿಲ್ಲ. ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ಇಲ್ಲಿ ನಿದರ್ಶನವಾಗಿ ಕೊಡಬಹುದು. ಒಡಲಿಗೂ ಅಂಚುಗಳಿಗೂ ಬೇರೆ ಬೇರೆ ಬಣ್ಣ ಬರಬೇಕಾದಲ್ಲಿ ಒಡಲಿಗೊಂದು, ಎರಡು ಅಂಚುಗಳಿಗೆ ಒಂದೊಂದು, ಹೀಗೆ ಮೂರು ಲಾಳಿಗಳನ್ನು ಆಡಿಸುತ್ತಾರೆ. ಪ್ರತಿಯೊಂದು ಎಳೆಯಲ್ಲಿಯೂ ಒಡಲಿನ ಹೊಕ್ಕು ಅಂಚಿನ ಹೊಕ್ಕಿನೊಡನೆ ಹೆಣೆದುಕೊಳ್ಳಬೇಕು. ಈ ಕೂಡಿಕೆ ಮುಗಿಯದೆ ಮುಂದಿನ ಎಳೆಗೆ ಅವಕಾಶವಿಲ್ಲ. ಸಮಾಂತರ ಗಣನೆಯ ಮರ್ಮವೂ ಇದೇ. ಭೂಮಂಡಲವನ್ನು ತುಂಡುಗಳಾಗಿ ವಿಂಗಡಿಸಿ ಒಂದೊಂದನ್ನು ಒಂದೊಂದು ಗಣಕಕ್ಕೆ ಒಪ್ಪಿಸುತ್ತಾರೆ. ಪ್ರತಿಯೊಂದು ಹೆಜ್ಜೆಯಲ್ಲಿಯೂ ನೆರೆಯ ಗಣಕಗಳು ಗಡಿಯಲ್ಲಿನ ಗಾಳಿ, ಒತ್ತಡ, ತೇವಗಳ ಅಂಕಿಗಳನ್ನು ಪರಸ್ಪರ ತಿಳಿಸಬೇಕು. ಒಂದು ಹಿಂದೆ ಬಿದ್ದರೆ ಉಳಿದವು ಕಾದಿರಬೇಕು. ಇಂಗ್ಲೆಂಡಿನ ರಿಚರ್ಡ್‌ಸನ್ 1922ರಲ್ಲಿಯೇ ಇಂತಹ ಏರ್ಪಾಡನ್ನು ಕಲ್ಪಿಸಿದ್ದನು. ಅವನ ಕಲ್ಪನೆಯ ಭವನದಲ್ಲಿ 64,000 ಮಂದಿ ಲೆಕ್ಕಿಗರು ತಮ್ಮ ತಮ್ಮ ಪ್ರದೇಶದ ಹವೆಯನ್ನು ಗುಣಿಸುತ್ತಿದ್ದರು. ನಡುವೆ ನಿಂತ ಮೇಲ್ವಿಚಾರಕನು ಮುಂದೋಡುವವರನ್ನೂ ಹಿಂದುಳಿದವರನ್ನೂ ಬಣ್ಣದ ಬೆಳಕಿನಿಂದ ಎಚ್ಚರಿಸುತ್ತಿದ್ದನು.

ಈ ವಿಷಯ ನಮ್ಮ ಸೀಮೆಗೆ ಅನ್ಯವಲ್ಲ. ರಾಜ್ಯದಲ್ಲಿ ಅತಿ ಕಡಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ ಮೊಳಕಾಲ್ಮೂರುಗಳು ಸೇರಿವೆ. ಇಲ್ಲಿನ ಶೇಂಗಾ ಬೆಳೆ ಬಹುಮಟ್ಟಿಗೆ ಆಕಾಶವನ್ನೇ ನಂಬಿದೆ. ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ ಬೀಜದೊಡನೆ ಸಾಲವೂ ಮಣ್ಣುಪಾಲಾಗುತ್ತದೆ. 1990ರ ಸುಮಾರಿನ ಜಾಗತಿಕ ಮುನ್ಸೂಚನಾ ಮಾದರಿಯಲ್ಲಿ ಒಂದೊಂದು ಚೌಕದ ಬದಿ ಸುಮಾರು 150 ಕಿಲೋಮೀಟರು. ಎರಡು ತಾಲ್ಲೂಕುಗಳೂ ಒಂದೇ ಚೌಕದಲ್ಲಿ ಅಡಗಿಹೋಗುವಷ್ಟು ಅದು ವಿಶಾಲ. ಒಂದರಲ್ಲಿ ಮಳೆ, ಇನ್ನೊಂದರಲ್ಲಿ ಬಿಸಿಲು ಎಂಬ ಭೇದ ಅದಕ್ಕೆ ಕಾಣದು. ಚೌಕದ ಬದಿಯನ್ನು ಅರ್ಧಕ್ಕಿಳಿಸಿದರೆ ಚೌಕಗಳು ನಾಲ್ಕು ಮಡಿಯಾಗುತ್ತವೆ. ಕಾಲದ ಹೆಜ್ಜೆಯೂ ಅರ್ಧವಾಗಬೇಕಾದುದರಿಂದ ಲೆಕ್ಕ ಎಂಟು ಮಡಿಯಾಗುತ್ತದೆ. ಇಷ್ಟು ಭಾರವನ್ನು ಒಂದೇ ಸಂಸ್ಕಾರಕ ಹೊರಲಾರದು.

ಹಾಗೆಂದು ಗಣಕಗಳನ್ನು ಹೆಚ್ಚಿಸಿದಷ್ಟೂ ವೇಗ ಹೆಚ್ಚುತ್ತದೆಂದು ಭಾವಿಸಲಾಗದು. ಹಂಚಲಾಗದೆ ಉಳಿಯುವ ಭಾಗವೇ ಒಟ್ಟು ವೇಗಕ್ಕೆ ಮಿತಿ ಹಾಕುತ್ತದೆಂದು ಆಮ್ಡಾಲ್ 1967ರಲ್ಲಿ ವಾದಿಸಿದನು. ಕೆಲಸದ ಹತ್ತನೆಯ ಒಂದು ಪಾಲು ಹಂಚಲಾಗದ್ದಾದರೆ ಸಾವಿರ ಗಣಕಗಳಿದ್ದರೂ ವೇಗ ಹತ್ತು ಮಡಿಯನ್ನು ಮುಟ್ಟದು.

1994ರಲ್ಲಿ ಅಮೆರಿಕದ ನಾಸಾ ಸಂಸ್ಥೆಯಲ್ಲಿ ಸ್ಟರ್ಲಿಂಗ್ ಮತ್ತು ಬೆಕರ್ ಎಂಬವರು ಅಂಗಡಿಯಲ್ಲಿ ದೊರೆಯುವ 16 ಗಣಕಗಳನ್ನು ಈಥರ್ನೆಟ್ ತಂತಿಯಿಂದ ಜೋಡಿಸಿ 'ಬೇವುಲ್ಫ್' ಗುಂಪನ್ನು ಸಿದ್ಧಪಡಿಸಿದರು. ಅಂದಿನಿಂದ ಈ ವಿದ್ಯೆ ಸಾಧಾರಣ ಕಾಲೇಜಿಗೂ ಎಟುಕುವಂತಾಯಿತು. ಬೆಂಗಳೂರಿನ ನಾಲ್ಕು ಸಂಸ್ಕಾರಕಗಳು ಎಂಟು ವರ್ಷ ಮೊದಲೇ ತುಳಿದ ಹಾದಿ ಇದಕ್ಕೆ ದೂರವಾದುದಲ್ಲ. ದೊಡ್ಡ ಯಂತ್ರಗಳ ಪಟ್ಟಿಯನ್ನಷ್ಟೇ ಚರಿತ್ರೆಯೆಂದು ಓದಿದರೆ ಈ ಸಣ್ಣ ಆರಂಭಗಳು ಮರೆಯಾಗುತ್ತವೆ. ಯಾವ ಹೊಲಕ್ಕಾಗಿ, ಯಾರ ಬಿತ್ತನೆಗಾಗಿ ಲೆಕ್ಕ ನಡೆಯಿತೆಂಬ ಪ್ರಶ್ನೆಯೂ ಅವುಗಳೊಡನೆಯೇ ಮರೆಯಾಗುತ್ತದೆ.