ಕಡಲ ಮರಳಿನ ಮೇಲೆ ಚಿತ್ರಗಾರರ ಊರು



ನಮ್ಮದು ಕಡಲಿಲ್ಲದ ಸೀಮೆ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಬೆಟ್ಟವುಂಟು, ಬಯಲುಂಟು, ನೊಯ್ಯಲ್ ನದಿಯುಂಟು. ಆದರೂ ಇಂದು ನಿಮಗೆ ಕಡಲತೀರದ ಒಂದು ಊರಿನ ಕಥೆ ಹೇಳಬೇಕಾಗಿದೆ. ಏಕೆಂದರೆ ಅದನ್ನು ಕಟ್ಟಲು ಮುಂದೆ ನಿಂತವರು ಹುಟ್ಟಿದ್ದು ನಮ್ಮ ಕೊಯಮತ್ತೂರಿನಲ್ಲಿ.

ಅವರೇ ಕೆ.ಸಿ.ಎಸ್. ಪಣಿಕ್ಕರ್. ಹುಟ್ಟಿದ್ದು 1911ರಲ್ಲಿ, ಮನೆಮಾತು ಮಲಯಾಳ. ಮದರಾಸಿನ ಸರ್ಕಾರಿ ಕಲಾಶಾಲೆಯಲ್ಲಿ ಕಲಿತು, ಮುಂದೆ ಅಲ್ಲಿಯೇ ಪ್ರಾಂಶುಪಾಲರಾದರು. ಕಲಿತ ಹುಡುಗರು ಹೊಟ್ಟೆಪಾಡಿಗಾಗಿ ಬೇರೆ ಕೆಲಸ ಹಿಡಿದು ಕುಂಚವನ್ನೇ ಮರೆಯುವುದು ಅವರನ್ನು ಕಾಡಿತು. ಚಿತ್ರ ಮಾರಾಟವಾಗದಿದ್ದರೆ ಚಿತ್ರಗಾರ ಉಣ್ಣುವುದೇನನ್ನು?

ಇದಕ್ಕೆ ಉತ್ತರ ಸಿಕ್ಕಿದ್ದು ಕೈಕಸುಬಿನಲ್ಲಿ. ಬಟ್ಟೆಯ ಮೇಲೆ ಬಿಸಿ ಮೇಣದಿಂದ ಚಿತ್ರ ಬರೆದು ಬಣ್ಣದಲ್ಲಿ ಅದ್ದಿದರೆ, ಮೇಣವಿದ್ದ ಕಡೆ ಬಣ್ಣ ಹತ್ತದು. ಇದೇ ಬಾತಿಕ್. ಮಗ್ಗ, ನೂಲು, ಬಣ್ಣಗಳ ನಡುವೆ ಬೆಳೆದ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಪಣಿಕ್ಕರ್ ಮತ್ತು ಅವರ ಶಿಷ್ಯರು ಇಂಥ ವಸ್ತುಗಳನ್ನು ಮಾಡಿ ಮಾರಿ ಹಣ ಕೂಡಿಸಿದರು. 1966ರಲ್ಲಿ ಮದರಾಸಿನ ದಕ್ಷಿಣಕ್ಕೆ, ಇಂಜಂಬಾಕ್ಕಂ ಬಳಿ, ಬಂಗಾಳ ಕೊಲ್ಲಿಯ ದಂಡೆಯಲ್ಲಿ ಸುಮಾರು 10 ಎಕರೆ ನೆಲ ಕೊಂಡರು. ಊರಿಗೆ ಚೋಳಮಂಡಲ ಎಂದು ಹೆಸರಿಟ್ಟರು.

ಆಗ ಅಲ್ಲಿ ಇದ್ದದ್ದು ಮರಳು, ಉಪ್ಪುಗಾಳಿ, ಬಿರುಬಿಸಿಲು. ಮೊದಲು ಎದ್ದದ್ದು ಗುಡಿಸಲುಗಳು. ಬಂದವರಲ್ಲಿ ನಮ್ಮ ಮಾತಿನವರೂ ಇದ್ದರು: 1941ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಸ್.ಜಿ. ವಾಸುದೇವ್. ಬಾತಿಕ್, ತಾಮ್ರದ ತಗಡಿನ ಕೆಲಸಗಳಲ್ಲಿ ಕೈ ಪಳಗಿಸಿಕೊಂಡ ಅವರು 1988ರವರೆಗೆ ಅಲ್ಲಿದ್ದು, ಆಮೇಲೆ ಬೆಂಗಳೂರಿಗೆ ಬಂದರು.

ಹಾಗಾದರೆ ಕಡಲು ಇವರಿಗೆ ಕೊಟ್ಟದ್ದೇನು? ಬರೀ ಅಲೆ, ದೋಣಿಗಳ ನೋಟವನ್ನಲ್ಲ. ವಾಸುದೇವರ ಹೆಸರಾದ ಚಿತ್ರಮಾಲೆಯಲ್ಲಿ ಕಾಣುವುದು ವೃಕ್ಷ. ಪಣಿಕ್ಕರ್ 1963ರಿಂದ ಬರೆಯುತ್ತ ಬಂದದ್ದು ಪದಗಳು, ಸಂಕೇತಗಳು. ಆ ತೀರ ಕೊಟ್ಟದ್ದು ನಿಲ್ಲಲು ನೆಲ. ದುಡಿದು ಉಂಡು, ಯಾರ ಹಂಗೂ ಇಲ್ಲದೆ ತಮಗೆ ತೋರಿದ್ದನ್ನು ಬರೆಯುವ ಧೈರ್ಯ.

ಪಣಿಕ್ಕರರ ಆ ಚಿತ್ರಗಳಲ್ಲಿ ಮಲಯಾಳದಂತೆ ತೋರುವ ಅಕ್ಷರಗಳು, ಜಾತಕದಂಥ ಮನೆಗಳು, ಅಂಕಿಗಳು ತುಂಬಿವೆ. ಓದಹೋದರೆ ಯಾವ ಮಾತೂ ಸಿಕ್ಕದು. ನೋಡುತ್ತ ನಿಂತರೆ ಏನೋ ಹೇಳುತ್ತವೆ. ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ತಮಿಳು ಕಲಿತ ನಮ್ಮವರೆಷ್ಟೋ ಮಂದಿಗೆ ಕನ್ನಡದ ಅಕ್ಷರವೂ ಹೀಗೆಯೇ ಅಲ್ಲವೇ? ಓದಲು ಬಾರದು, ಆದರೆ ಪರಕೀಯವೆನಿಸದು.

ಪಣಿಕ್ಕರ್ 1977ರಲ್ಲಿ ತೀರಿಕೊಂಡರು. ಚೋಳಮಂಡಲ ಉಳಿದಿದೆ, 2009ರಲ್ಲಿ ಅಲ್ಲೊಂದು ಕಲಾಸಂಗ್ರಹಾಲಯವೂ ತೆರೆಯಿತು. ಮದರಾಸಿಗೆ, ಅಂದರೆ ಇಂದಿನ ಚೆನ್ನೈಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಹೋಗಿ. ಕೈಕಸುಬು ಕಲೆಗೆ ಅನ್ನವಿಟ್ಟ ಊರು ಇದೆಂದು ಅವರಿಗೆ ಹೇಳಿ.