ಧ್ವನಿವರ್ಧಕ: ಒಂದು ಹೆಸರು, ಎರಡು ಕೆಲಸ

ಧ್ವನಿವರ್ಧಕ ಎಂಬ ಮಾತನ್ನು ನಾವು ಬಹು ಧಾರಾಳವಾಗಿ ಬಳಸುತ್ತೇವೆ. ರೇಡಿಯೋ ಪೆಟ್ಟಿಗೆಯ ಬಟ್ಟೆಯ ಹಿಂದೆ ಅಡಗಿರುವ ಕಾಗದದ ಶಂಕುವೂ ಧ್ವನಿವರ್ಧಕವೇ. ಜಾತ್ರೆಯಲ್ಲಿ ಮರಕ್ಕೆ ಕಟ್ಟಿದ ತಗಡಿನ ಕಹಳೆಯೂ ಧ್ವನಿವರ್ಧಕವೇ. ಪದವನ್ನು ಬಿಡಿಸಿದರೆ ಧ್ವನಿಯನ್ನು ಹೆಚ್ಚಿಸುವುದು ಎಂದರ್ಥ. ಆದರೆ ಆ ಕಾಗದದ ಶಂಕು ತಾನಾಗಿ ಏನನ್ನೂ ಹೆಚ್ಚಿಸುವುದಿಲ್ಲ. ತನಗೆ ಬಂದ ವಿದ್ಯುತ್ತಿನ ಏರಿಳಿತವನ್ನು ಗಾಳಿಯ ಕಂಪನವಾಗಿ ಮಾರ್ಪಡಿಸುವುದಷ್ಟೇ ಅದರ ಕೆಲಸ. ಹೆಚ್ಚಿಸುವ ಕೆಲಸ ಆಂಪ್ಲಿಫೈಯರಿನದು. ಹೀಗೆ ನಮ್ಮ ಒಂದೇ ಹೆಸರಿನೊಳಗೆ ಎರಡು ಕೆಲಸಗಳು ಸೇರಿಕೊಂಡಿವೆ.

ಈ ಎರಡು ಕೆಲಸಗಳೂ ಒಂದೇ ಪೆಟ್ಟಿಗೆಯಲ್ಲಿ ನಡೆದರೆ ಅಂತಹ ಸ್ಪೀಕರನ್ನು ಈಗಿನ ವ್ಯಾಪಾರಿಗಳು ಆಕ್ಟಿವ್ ಎನ್ನುತ್ತಾರೆ. ಆಂಪ್ಲಿಫೈಯರು ಬೇರೆಯಾಗಿದ್ದು, ಸ್ಪೀಕರಿನ ಪೆಟ್ಟಿಗೆ ಬರಿಯ ತಂತಿಯಿಂದ ಅದಕ್ಕೆ ಕೂಡಿಕೊಂಡಿದ್ದರೆ ಪ್ಯಾಸಿವ್ ಎನ್ನುತ್ತಾರೆ. ನಮ್ಮ ವ್ಯಾಕರಣದ ಕರ್ತರಿ, ಕರ್ಮಣಿ ಪ್ರಯೋಗಗಳಿಗೆ ಇಂಗ್ಲಿಷಿನಲ್ಲಿರುವುದೂ ಇವೇ ಹೆಸರುಗಳು. ಆಕ್ಟಿವ್ ಎಂಬುದು ಹೊಸ ಕಾಲದ ಸೃಷ್ಟಿ, ಪ್ಯಾಸಿವ್ ಎಂಬುದು ಕಾಲ ಮೀರಿದ ವಸ್ತು ಎಂಬ ನಂಬಿಕೆ ಅಂಗಡಿಗಳಲ್ಲಿ ಹರಡಿದೆ. ಅದನ್ನು ನಂಬಿ ಸುಸ್ಥಿತಿಯಲ್ಲಿರುವ ಹಳೆಯ ಪೆಟ್ಟಿಗೆಗಳನ್ನು ಗುಜರಿಗೆ ಹಾಕುವ ಮನೆಗಳೂ ಉಂಟು. ಚರಿತ್ರೆಯನ್ನು ನೋಡಿದರೆ ವಿಷಯ ಬೇರೆಯಾಗಿಯೇ ಕಾಣುತ್ತದೆ.

ಅಯಸ್ಕಾಂತದ ನಡುವೆ ತಂತಿಯ ಸುರುಳಿಯೊಂದನ್ನು ತೂಗಬಿಟ್ಟು, ಅದರಲ್ಲಿ ವಿದ್ಯುತ್ತನ್ನು ಹರಿಸಿ ಅಲುಗಾಡಿಸುವುದೇ ಇಂದಿಗೂ ಬಹುಪಾಲು ಸ್ಪೀಕರುಗಳ ತತ್ತ್ವ. ಇಂಗ್ಲೆಂಡಿನ ಆಲಿವರ್ ಲಾಡ್ಜ್ ಎಂಬ ವಿಜ್ಞಾನಿ 1898ರಲ್ಲಿಯೇ ಇಂತಹ ಸಾಧನಕ್ಕೆ ಪೇಟೆಂಟ್ ಪಡೆದಿದ್ದನು. ಡೆನ್ಮಾರ್ಕಿನಲ್ಲಿ ಹುಟ್ಟಿದ ಪೀಟರ್ ಜೆನ್ಸನ್ ಮತ್ತು ಅವನ ಜೊತೆಗಾರ ಎಡ್ವಿನ್ ಪ್ರಿಡಂ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅದೇ ತತ್ತ್ವಕ್ಕೆ ದೊಡ್ಡ ಕಹಳೆಯೊಂದನ್ನು ಜೋಡಿಸಿದರು. ಅದಕ್ಕೆ ಅವರು ಕೊಟ್ಟ ಹೆಸರು ಮ್ಯಾಗ್ನವಾಕ್ಸ್. ಲ್ಯಾಟಿನ್ ಭಾಷೆಯಲ್ಲಿ ಮಹಾಧ್ವನಿ ಎಂದರ್ಥ. 1919ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಸ್ಯಾನ್ ಡಿಯಾಗೋ ನಗರದಲ್ಲಿ ಸುಮಾರು 50,000 ಜನರ ಮುಂದೆ ಮಾತನಾಡಿದ್ದು ಇಂತಹ ಯಂತ್ರದ ಸಹಾಯದಿಂದ. ಆದರೆ ಕಹಳೆಯ ಧ್ವನಿ ದೂರ ಹೋಗುತ್ತಿತ್ತೇ ಹೊರತು ಸಹಜವಾಗಿರಲಿಲ್ಲ. ಮಂದ್ರಸ್ವರಗಳು ಅದರಲ್ಲಿ ಉಡುಗಿಹೋಗುತ್ತಿದ್ದುವು.

ಮನೆಯೊಳಗೆ ಕುಳಿತು ಕೇಳಲು ತಕ್ಕ ಸ್ಪೀಕರು ಬಂದದ್ದು ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಇಬ್ಬರು ಇಂಜಿನಿಯರುಗಳಿಂದ. ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿದ್ದ ಇವರು 1925ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಕಹಳೆಯನ್ನು ಬಿಟ್ಟು ಕಾಗದದ ಶಂಕುವನ್ನು ಹಿಡಿದರು. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಇವರು ಸ್ಪೀಕರನ್ನು ಮಾತ್ರ ಯೋಚಿಸಲಿಲ್ಲ. ಅದಕ್ಕೆ ಸಾಕಷ್ಟು ಬಲ ಕೊಡುವ ಆಂಪ್ಲಿಫೈಯರನ್ನೂ ಜೊತೆಯಲ್ಲಿಯೇ ರೂಪಿಸಿದರು. 1926ರಲ್ಲಿ ರೇಡಿಯೋಲಾ 104 ಎಂಬ ಹೆಸರಿನಲ್ಲಿ ಅದು 250 ಡಾಲರ್ ಬೆಲೆಗೆ ಮಾರಾಟಕ್ಕೆ ಬಂದಾಗ ಸುಮಾರು 1 ವಾಟ್ ಶಕ್ತಿಯ ಆಂಪ್ಲಿಫೈಯರು ಪೆಟ್ಟಿಗೆಯೊಳಗೇ ಇತ್ತು. ಎಂದರೆ ಮನೆಬಳಕೆಯ ಆಧುನಿಕ ಸ್ಪೀಕರು ಆಕ್ಟಿವ್ ಆಗಿಯೇ ಹುಟ್ಟಿತು.

ಇವೆರಡನ್ನೂ ಬೇರೆ ಮಾಡುವುದಕ್ಕೆ ಇನ್ನೊಂದು ಅಡ್ಡಿಯೂ ಇತ್ತು. ಆಗ ಸಾಕಷ್ಟು ಬಲವಾದ, ಅಗ್ಗವಾದ ಸ್ಥಿರ ಅಯಸ್ಕಾಂತ ದೊರೆಯುತ್ತಿರಲಿಲ್ಲ. ಕಬ್ಬಿಣದ ತಿರುಳಿಗೆ ತಂತಿ ಸುತ್ತಿ, ವಿದ್ಯುತ್ತು ಹರಿಸಿ ಅಯಸ್ಕಾಂತವನ್ನು ಮಾಡಬೇಕಾಗಿತ್ತು. 1930ರ ದಶಕದ ಅನೇಕ ರೇಡಿಯೋಗಳಲ್ಲಿ ವಾಲ್ವುಗಳಿಗೆ ಹೋಗುವ ವಿದ್ಯುತ್ತೇ ಮೊದಲು ಸ್ಪೀಕರಿನ ಈ ಸುರುಳಿಯ ಮೂಲಕ ಹಾದು, ಗುಂಯ್‌ಗುಡುವ ಸದ್ದನ್ನು ಕಳೆದುಕೊಂಡು ಮುಂದೆ ಹೋಗುತ್ತಿತ್ತು. ಅಜ್ಜನ ಕಾಲದ ಅಂತಹ ರೇಡಿಯೋ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಅದರ ಸ್ಪೀಕರನ್ನು ಕಿತ್ತು ಬೇರೊಂದನ್ನು ಹಾಕಲು ಅವಸರಪಡಬಾರದು. ಅದನ್ನು ತೆಗೆದರೆ ರೇಡಿಯೋ ಮೂಕವಾಗುವುದಷ್ಟೇ ಅಲ್ಲ, ಉಸಿರೇ ನಿಂತುಹೋಗುತ್ತದೆ.

ಈ ಬಂಧವನ್ನು ಬಿಡಿಸಿದ್ದು ಲೋಹಶಾಸ್ತ್ರ. 1931ರಲ್ಲಿ ಜಪಾನಿನ ತೊಕುಶಿಚಿ ಮಿಶಿಮಾ ಕಬ್ಬಿಣ, ನಿಕ್ಕಲ್, ಅಲ್ಯೂಮಿನಿಯಂಗಳನ್ನು ಬೆರೆಸಿ ಬಲವಾದ ಸ್ಥಿರ ಅಯಸ್ಕಾಂತವನ್ನು ಮಾಡಿದನು. ಅದೇ ಬೆಳೆದು ಆಲ್ನಿಕೋ ಎಂಬ ಲೋಹವಾಯಿತು. ಎರಡನೆಯ ಮಹಾಯುದ್ಧದ ತರುವಾಯ ಸ್ಪೀಕರಿಗೆ ಪ್ರತ್ಯೇಕ ವಿದ್ಯುತ್ತು ಬೇಕಾಗಲಿಲ್ಲ; ಎರಡೆಳೆ ತಂತಿ ಸಾಕಾಯಿತು. ಅದೇ ಸುಮಾರಿಗೆ, 1947ರಲ್ಲಿ, ವಿಲಿಯಂಸನ್ ಎಂಬುವನು ಇಂಗ್ಲೆಂಡಿನ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ಉತ್ತಮವಾದ ಆಂಪ್ಲಿಫೈಯರೊಂದರ ನಕ್ಷೆಯನ್ನು ಪ್ರಕಟಿಸಿದನು. 1948ರಲ್ಲಿ ದೀರ್ಘಕಾಲ ನುಡಿಯುವ ಗ್ರಾಮಫೋನ್ ತಟ್ಟೆಗಳು ಬಂದುವು. ಹತ್ತು ವರ್ಷಗಳೊಳಗೆ ಎರಡು ಸ್ಪೀಕರುಗಳನ್ನು ಬೇಡುವ ಸ್ಟೀರಿಯೋ ತಟ್ಟೆಗಳೂ ಬಂದುವು. ವಾಲ್ವುಗಳ ಆಂಪ್ಲಿಫೈಯರು ಭಾರವಾದದ್ದು, ಕಾವೇರುವಂತಹುದು. ಅದನ್ನು ಎರಡೆರಡು ಮರದ ಪೆಟ್ಟಿಗೆಗಳೊಳಗೆ ತುರುಕುವುದಕ್ಕಿಂತ ಒಂದೆಡೆ ಇಟ್ಟು ತಂತಿ ಎಳೆಯುವುದು ಸುಲಭವಾಗಿತ್ತು. ಮೇಲಾಗಿ, ಈ ವರ್ಷ ಆಂಪ್ಲಿಫೈಯರು, ಕೈ ಕೂಡಿದಾಗ ಸ್ಪೀಕರು ಎಂದು ಒಂದೊಂದಾಗಿ ಕೊಳ್ಳುವುದಕ್ಕೂ ಮಧ್ಯಮ ವರ್ಗದ ಗೃಹಸ್ಥರಿಗೆ ಅನುಕೂಲವಾಯಿತು. ಹೀಗೆ ಪ್ಯಾಸಿವ್ ಪೆಟ್ಟಿಗೆ ಮೇಲುಗೈ ಪಡೆಯಿತು.

ಮತ್ತೆ ಗಾಳಿ ತಿರುಗಿದ್ದು ಟ್ರಾನ್ಸಿಸ್ಟರಿನಿಂದ. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಈ ಸಣ್ಣ ವಸ್ತು ಬೇಗನೆ ನಮ್ಮಲ್ಲಿಗೂ ಬಂದಿತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿ, ಮರುವರ್ಷವೇ ಜರ್ಮೇನಿಯಂ ಅರೆವಾಹಕಗಳಿಗೂ ಕೈಹಾಕಿತು. ಟ್ರಾನ್ಸಿಸ್ಟರಿನಿಂದ ಆಂಪ್ಲಿಫೈಯರು ಹಗುರವಾಯಿತು, ಅಗ್ಗವಾಯಿತು. ಒಂದರ ಬದಲು ಎರಡು ಮೂರನ್ನು ಇಡುವುದೂ ಸಾಧ್ಯವಾಯಿತು.

ಎರಡು ಮೂರು ಏಕೆ ಬೇಕು ಎಂದು ವಾಚಕರು ಕೇಳಬಹುದು. ಮೃದಂಗದ ಎಡಗಡೆಯ ಗುಮ್ಮನೆಯ ನಾದವನ್ನೂ ತಾಳದ ಕಿಣಿಕಿಣಿಯನ್ನೂ ಒಂದೇ ಶಂಕು ಸಮನಾಗಿ ನುಡಿಸಲಾರದು. ಆದುದರಿಂದ ಮಂದ್ರಕ್ಕೆ ದೊಡ್ಡದು, ತಾರಕ್ಕೆ ಚಿಕ್ಕದು ಎಂದು ಬೇರೆಬೇರೆ ಇಡುತ್ತಾರೆ. ಪ್ಯಾಸಿವ್ ಪೆಟ್ಟಿಗೆಯಲ್ಲಿ ಆಂಪ್ಲಿಫೈಯರು ಹೆಚ್ಚಿಸಿ ಕಳುಹಿಸಿದ ಧ್ವನಿಯನ್ನು ಸುರುಳಿ, ಕೆಪಾಸಿಟರುಗಳು ಪಾಲು ಮಾಡುತ್ತವೆ. ಈ ಹಂಚಿಕೆಯಲ್ಲಿ ಸ್ವಲ್ಪ ಶಕ್ತಿ ಶಾಖವಾಗಿ ಹೋಗುತ್ತದೆ, ಶಂಕುವಿನ ಮೇಲೆ ಆಂಪ್ಲಿಫೈಯರಿನ ಹಿಡಿತವೂ ಸಡಿಲವಾಗುತ್ತದೆ. ನಿಜವಾದ ಆಕ್ಟಿವ್ ಪೆಟ್ಟಿಗೆಯಲ್ಲಿ ಧ್ವನಿ ಇನ್ನೂ ಸಣ್ಣದಾಗಿರುವಾಗಲೇ ಪಾಲಾಗಿ, ಒಂದೊಂದು ಪಾಲಿಗೆ ಒಂದೊಂದು ಆಂಪ್ಲಿಫೈಯರು ದುಡಿಯುತ್ತದೆ. 1976ರಲ್ಲಿ ಲಿಂಕ್ವಿಟ್ಸ್ ಎಂಬ ಇಂಜಿನಿಯರು ಪ್ರಕಟಿಸಿದ ಪ್ರಬಂಧ ಈ ಹಂಚಿಕೆಯ ಲೆಕ್ಕಾಚಾರವನ್ನು ಭದ್ರಪಡಿಸಿತು.

ಇದರಲ್ಲಿ ರೇಡಿಯೋ ನಿಲಯಗಳ ಪಾತ್ರವೂ ಇದೆ. ಫಿನ್ಲೆಂಡಿನ ಪ್ರಸಾರ ಸಂಸ್ಥೆ ತನ್ನ ಹೊಸ ಕಟ್ಟಡಕ್ಕೆ ಸ್ಪೀಕರುಗಳು ಬೇಕೆಂದಾಗ, ಅದಕ್ಕಾಗಿ ಆಕ್ಟಿವ್ ಸ್ಪೀಕರುಗಳನ್ನು ಮಾಡಿದ ಗೆಳೆಯರಿಬ್ಬರು 1978ರಲ್ಲಿ ಜೆನೆಲೆಕ್ ಸಂಸ್ಥೆಯನ್ನು ಕಟ್ಟಿದರು. ಆದರೆ ಅದೇ ದಶಕದಲ್ಲಿ ಬಿ.ಬಿ.ಸಿ. ತನ್ನ ಹೊರಾಂಗಣ ಪ್ರಸಾರದ ವಾಹನಗಳಂತಹ ಇಕ್ಕಟ್ಟಾದ ಜಾಗಗಳಿಗಾಗಿ ರೂಪಿಸಿದ ಎಲ್‌ಎಸ್ 3/5ಎ ಎಂಬ ಪುಟ್ಟ ಪೆಟ್ಟಿಗೆ ಪ್ಯಾಸಿವ್. ಮನುಷ್ಯಕಂಠವನ್ನು ಸಹಜವಾಗಿ ನುಡಿಸುವುದೆಂದು ಅದು ಇಂದಿಗೂ ಹೆಸರು ಪಡೆದಿದೆ. ಧ್ವನಿಯನ್ನೇ ವೃತ್ತಿಯಾಗಿ ಉಳ್ಳವರು ಎರಡು ಮಾರ್ಗಗಳನ್ನೂ ಹಿಡಿದರೆಂಬುದನ್ನು ಮರೆಯಬಾರದು.

ಈಗ ಮನೆಯ ಮಾತು. ಆಕ್ಟಿವ್ ಪೆಟ್ಟಿಗೆಗಳನ್ನು ಕೊಂಡರೆ ಆಂಪ್ಲಿಫೈಯರಿಗೂ ಸ್ಪೀಕರಿಗೂ ಹೊಂದಿಕೆ ನೋಡುವ ತೊಂದರೆಯಿಲ್ಲ, ಜಾಗವೂ ಉಳಿಯುತ್ತದೆ. ಆದರೆ ಎರಡು ಪೆಟ್ಟಿಗೆಗಳಲ್ಲೂ ಆಂಪ್ಲಿಫೈಯರು ಇದ್ದರೆ ಎರಡಕ್ಕೂ ವಿದ್ಯುತ್ತಿನ ಪ್ಲಗ್ಗು ಬೇಕು; ಒಳಗಿನ ಆಂಪ್ಲಿಫೈಯರು ಕೆಟ್ಟು, ಅದಕ್ಕೆ ಬಿಡಿಭಾಗ ಸಿಗದೆ ಹೋದರೆ ಒಳ್ಳೆಯ ಶಂಕುವೂ ಮರದ ಪೆಟ್ಟಿಗೆಯೂ ವ್ಯರ್ಥ. ಒಂದೇ ಆಂಪ್ಲಿಫೈಯರನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ಇನ್ನೊಂದಕ್ಕೆ ತಂತಿ ಕೊಟ್ಟು, ಎರಡನ್ನೂ ಆಕ್ಟಿವ್ ಎಂದು ಮಾರುವುದೂ ಉಂಟು. ಪ್ರತಿಯೊಂದು ಶಂಕುವಿಗೂ ಬೇರೆ ಆಂಪ್ಲಿಫೈಯರು ಇದೆಯೇ ಎಂದು ಕೇಳಿ ತಿಳಿಯಬೇಕು. ಪ್ಯಾಸಿವ್ ಪೆಟ್ಟಿಗೆಯಲ್ಲಿ ಕೆಡುವ ಭಾಗಗಳು ಕಡಿಮೆ. ಶಂಕುವಿನ ಅಂಚು ಜೀರ್ಣವಾದರೆ ಅನೇಕ ವೇಳೆ ಬದಲಾಯಿಸಬಹುದು. ಆಂಪ್ಲಿಫೈಯರು ಹೋದರೆ ಬೇರೆಯದನ್ನು ಕೂಡಿಸಬಹುದು.

ಆದುದರಿಂದ ಮನೆಯಲ್ಲಿ ಮೂವತ್ತು ನಲವತ್ತು ವರ್ಷದ ಪೆಟ್ಟಿಗೆಗಳಿದ್ದರೆ, ಹೊಸದಕ್ಕೆ ಹಣ ತೆರುವ ಮೊದಲು, ಅವನ್ನು ತಕ್ಕದೊಂದು ಆಂಪ್ಲಿಫೈಯರಿಗೆ ಜೋಡಿಸಿ, ನಿಮಗೆ ಚೆನ್ನಾಗಿ ಪರಿಚಯವಿರುವ ಗಾಯಕರೊಬ್ಬರ ಕಂಠವನ್ನು ಒಂದು ಸಂಜೆ ಕೇಳಿ ನೋಡಿ.