ತೊಡೆಯಿಂದ ಮಣಿಕಟ್ಟಿಗೆ: ಹೃದಯಕ್ಕೆ ಹೋಗುವ ದಾರಿ ಬದಲಾದ ಬಗೆ

ಆಂಜಿಯೋಪ್ಲಾಸ್ಟಿ ಮಾಡಿಸಿಕೊಂಡು ಬಂದವರನ್ನು ನೋಡಲು ಹೋದರೆ ನಮ್ಮಲ್ಲಿ ಮೊದಲು ಕೇಳುವುದು ‘ಎಷ್ಟು ಬ್ಲಾಕ್ ಇತ್ತಂತೆ?’ ಎಂದು. ಅದರ ಹಿಂದೆಯೇ ಬರುವ ಪ್ರಶ್ನೆ, ‘ಕೈಯಿಂದ ಮಾಡಿದ್ರಾ, ತೊಡೆಯಿಂದಾನಾ?’ ತೊಂಬತ್ತರ ದಶಕದಲ್ಲಿ ಸ್ಟೆಂಟ್ ಹಾಕಿಸಿಕೊಂಡ ಹೆಚ್ಚಿನವರಿಗೆ ಈ ಎರಡನೆಯ ಪ್ರಶ್ನೆ ಗೊತ್ತೇ ಇರಲಿಲ್ಲ. ತೊಡೆಸಂದಿನ ದೊಡ್ಡ ರಕ್ತನಾಳಕ್ಕೆ ಸೂಜಿ ಚುಚ್ಚಿ, ಅಲ್ಲಿಂದ ಸಣ್ಣ ಕೊಳವೆಯನ್ನು ಹೃದಯದವರೆಗೆ ತಳ್ಳುವುದೇ ಆಗಿನ ರೂಢಿ. ಅವರಲ್ಲಿ ಯಾರನ್ನು ಮಾತಾಡಿಸಿದರೂ ಹೃದಯಕ್ಕಿಂತ ಬೆನ್ನಿನ ಮಾತೇ ಜಾಸ್ತಿ. ಕಾಲು ಮಡಿಸುವಂತಿಲ್ಲ, ಮಗ್ಗುಲಾಗುವಂತಿಲ್ಲ, ತೊಡೆಯ ಮೇಲೆ ಮರಳಿನ ಚೀಲ, ಗಂಟೆಗಟ್ಟಲೆ ಅಂಗಾತ. ಮೂತ್ರಕ್ಕೂ ಮಲಗಿದಲ್ಲೇ ಪಾತ್ರೆ. ಅರವತ್ತು ದಾಟಿದ ಗಂಡಸರಿಗೆ ಮಲಗಿದಲ್ಲಿ ಮೂತ್ರ ಬಾರದೆ ನಳಿಕೆ ಹಾಕಬೇಕಾದದ್ದೂ ಉಂಟು. ಹೆಂಗಸರಿಗಂತೂ ಗುರುತು ಪರಿಚಯವಿಲ್ಲದವರ ಮುಂದೆ ತೊಡೆಸಂದು ತೆರೆದಿಡಬೇಕಾದ ಸಂಕೋಚ ಬೇರೆ.

ಇಂದು ಅದೇ ಕೆಲಸ ಮಣಿಕಟ್ಟಿನಿಂದ ಆಗುತ್ತದೆ. ಹೆಬ್ಬೆರಳಿನ ಬುಡದ ಕೆಳಗೆ ವೈದ್ಯರು ನಾಡಿ ಹಿಡಿದು ನೋಡುವ ಜಾಗದ ರೇಡಿಯಲ್ ಎಂಬ ರಕ್ತನಾಳವೇ ದಾರಿ. ಅರ್ಧ ಗಂಟೆಯೊಳಗೆ ಎದ್ದು ಕೂತು ಕಾಫಿ ಕುಡಿಯಬಹುದು, ನಡೆದೇ ಶೌಚಕ್ಕೆ ಹೋಗಬಹುದು. ರೋಗಿಗಳಿಗೆ ಮೊದಲ ದಿನವೇ ತಿಳಿದ ಈ ಸುಖವನ್ನು ವೈದ್ಯಶಾಸ್ತ್ರ ಒಪ್ಪಿಕೊಳ್ಳಲು ಎರಡು ದಶಕ ಬೇಕಾಯಿತು.

ಮಣಿಕಟ್ಟಿನ ದಾರಿ ತೀರ ಹೊಸದೇನಲ್ಲ. ಸ್ವೀಡನ್ನಿನ ಸ್ಟಿಗ್ ರಾಡ್ನರ್ 1948ರಲ್ಲೇ ರೇಡಿಯಲ್ ನಾಳವನ್ನು ಕುಯ್ದು ತೆರೆದು ಮಹಾಪಧಮನಿಯವರೆಗೆ ಕೊಳವೆ ಕಳಿಸಿದ್ದರು. ಆದರೆ ಆಗಿನ ಕೊಳವೆಗಳು ದಪ್ಪ, ರೇಡಿಯಲ್ ನಾಳ ಸಾಮಾನ್ಯವಾಗಿ ಎರಡು ಮೂರು ಮಿಲಿಮೀಟರ್ ಅಗಲದ್ದು. 1953ರಲ್ಲಿ ಸ್ವೀಡನ್ನಿನವರೇ ಆದ ಸೆಲ್ಡಿಂಗರ್, ಚರ್ಮ ಕುಯ್ಯದೆ ಸೂಜಿ ಚುಚ್ಚಿ, ತಂತಿಯ ಮೇಲೆ ಕೊಳವೆ ಜಾರಿಸುವ ಉಪಾಯ ಹೇಳಿಕೊಟ್ಟರು. 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಮೇಸನ್ ಸೋನ್ಸ್ ಅವರ ಕೈಯಲ್ಲಿ ಬಣ್ಣದ ದ್ರವ ಆಕಸ್ಮಿಕವಾಗಿ ನೇರ ಹೃದಯದ ರಕ್ತನಾಳಕ್ಕೆ ಹೋಗಿ, ಕೊರೊನರಿ ಆಂಜಿಯೋಗ್ರಾಂ ಹುಟ್ಟಿತು. ಸೋನ್ಸ್ ಮೊಣಕೈ ಹತ್ತಿರ ನಾಳ ತೆರೆಯುತ್ತಿದ್ದರು. 1967ರಲ್ಲಿ ಮೆಲ್ವಿನ್ ಜಡ್ಕಿನ್ಸ್ ತೊಡೆಯಿಂದ ಹೋಗಲೆಂದೇ ಬಾಗಿಸಿದ ಕೊಳವೆಗಳನ್ನು ತಂದ ಮೇಲೆ ಹೆಚ್ಚಿನವರು ತೊಡೆಗೆ ತಿರುಗಿದರು. 1977ರ ಸೆಪ್ಟೆಂಬರ್‌ನಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರೂನ್ಸಿಗ್ ಮೊದಲ ಬಲೂನ್ ಆಂಜಿಯೋಪ್ಲಾಸ್ಟಿ ಮಾಡಿದ್ದೂ ತೊಡೆಯಿಂದಲೇ.

ಮಣಿಕಟ್ಟಿಗೆ ಮತ್ತೆ ಜೀವ ಕೊಟ್ಟವರು ಕೆನಡಾದ ಮಾಂಟ್ರಿಯಲ್ ಹಾರ್ಟ್ ಇನ್‌ಸ್ಟಿಟ್ಯೂಟ್‌ನ ಲೂಸಿಯನ್ ಕಾಂಪೊ. ನೂರು ರೋಗಿಗಳಿಗೆ ರೇಡಿಯಲ್ ನಾಳದಿಂದ ಆಂಜಿಯೋಗ್ರಾಂ ಮಾಡಲು ಹೋಗಿ 88 ಮಂದಿಯಲ್ಲಿ ಗೆದ್ದ ವರದಿಯನ್ನು ಅವರು 1989ರಲ್ಲಿ ಪ್ರಕಟಿಸಿದರು. ಅದು ನೋಡುವ ಪರೀಕ್ಷೆ ಮಾತ್ರ. ಕೈಯಿಂದಲೇ ಚಿಕಿತ್ಸೆಯನ್ನೂ ಮಾಡಿದವರು ಆಮ್‌ಸ್ಟರ್‌ಡ್ಯಾಮ್‌ನ ಫರ್ಡಿನಂಡ್ ಕೀಮನೈ: 1992ರಲ್ಲಿ ಬಲೂನ್, ಮರುವರ್ಷ ಸ್ಟೆಂಟ್.

ಕೀಮನೈ ಕೈಯ ದಾರಿ ಹಿಡಿದದ್ದಕ್ಕೆ ಗಟ್ಟಿ ಕಾರಣವಿತ್ತು. ಆಗ ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಹೆಪಾರಿನ್, ವಾರ್ಫರಿನ್‌ನಂಥ ಔಷಧಗಳನ್ನು ಧಾರಾಳವಾಗಿ ಕೊಡುತ್ತಿದ್ದರು. ಹೃದಯ ಸರಿಹೋದರೂ ತೊಡೆಯಲ್ಲಿ ರಕ್ತ ನಿಲ್ಲುತ್ತಿರಲಿಲ್ಲ. ತೊಡೆಯ ನಾಳ ಆಳದಲ್ಲಿದೆ. ಕೆಲವೊಮ್ಮೆ ರಕ್ತ ಹೊರಗೆ ಕಾಣದೆ ಹೊಟ್ಟೆಯ ಹಿಂಭಾಗದಲ್ಲಿ ಸೇರಿಕೊಂಡು, ಗೊತ್ತಾಗುವಷ್ಟರಲ್ಲಿ ರೋಗಿಯ ಬಿಪಿ ಇಳಿದುಹೋಗಿರುತ್ತದೆ. ಮಣಿಕಟ್ಟಿನ ನಾಳವಾದರೋ ಚರ್ಮದ ಕೆಳಗೇ ಇದೆ, ಹಿಂದೆ ಮೂಳೆಯ ಆಸರೆ. ಬೆರಳಿನಿಂದ ಒತ್ತಿದರೂ ರಕ್ತ ನಿಲ್ಲುತ್ತದೆ. ಮೇಲಾಗಿ ಅಂಗೈಗೆ ಕಿರುಬೆರಳ ಕಡೆಯಿಂದ ಅಲ್ನಾರ್ ಎಂಬ ಇನ್ನೊಂದು ನಾಳವೂ ರಕ್ತ ತರುತ್ತದೆ. ಒಂದು ಮುಚ್ಚಿದರೂ ಕೈ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ.

1997ರಲ್ಲಿ ಕೀಮನೈ ತಂಡ 900 ರೋಗಿಗಳನ್ನು ಮಣಿಕಟ್ಟು, ಮೊಣಕೈ, ತೊಡೆ ಎಂದು ಮೂರು ಪಾಲು ಮಾಡಿ ನೋಡಿತು. ಚುಚ್ಚಿದ ಜಾಗದ ದೊಡ್ಡ ತೊಂದರೆ ತೊಡೆಯಲ್ಲಿ ಶೇ. 2, ಮೊಣಕೈಯಲ್ಲಿ ಶೇ. 2.3, ಮಣಿಕಟ್ಟಿನಲ್ಲಿ ಸೊನ್ನೆ. ರೋಗಿಯ ಅನುಭವವನ್ನೇ ಅಳತೆಗೋಲು ಮಾಡಿಕೊಂಡ ಕೆಲಸ ಬಂದದ್ದು 1999ರಲ್ಲಿ. ಕೂಪರ್ ಮತ್ತು ಸಂಗಡಿಗರು ಅಮೆರಿಕದಲ್ಲಿ 200 ಮಂದಿಯನ್ನು ಎರಡು ದಾರಿಗೆ ಹಂಚಿ, ಬೆನ್ನುನೋವು ಎಷ್ಟು, ನಡೆಯಲು ಆಗುತ್ತಿದೆಯೇ, ಖರ್ಚು ಎಷ್ಟು ಎಂದು ಲೆಕ್ಕ ಇಟ್ಟರು. ಮೂರರಲ್ಲೂ ಮಣಿಕಟ್ಟೇ ಮೇಲಾಯಿತು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತಿ ಮುಖ್ಯ ಅಧ್ಯಯನಗಳಲ್ಲಿ ಇದೊಂದು. ಆದರೂ ವೈದ್ಯಲೋಕ ಇದನ್ನು ‘ಅನುಕೂಲದ ಮಾತು’ ಎಂದು ಬದಿಗಿಟ್ಟಿತು. 2004ರಿಂದ 2007ರವರೆಗೆ ಅಮೆರಿಕದ ರಾಷ್ಟ್ರೀಯ ದಾಖಲೆಯಲ್ಲಿದ್ದ ಸುಮಾರು ಆರು ಲಕ್ಷ ಆಂಜಿಯೋಪ್ಲಾಸ್ಟಿಗಳಲ್ಲಿ ಕೈಯಿಂದ ಆದವು ಶೇ. 1.3 ಮಾತ್ರ. ತೊಡೆಯಲ್ಲಿ ಪಳಗಿದ ಕೈಗೆ ಮಣಿಕಟ್ಟು ಕಷ್ಟ. ಕಲಿಯುವಾಗ ಸಮಯ ಹೆಚ್ಚು ಬೇಕು, ವೈದ್ಯರ ಮೈಗೆ ಎಕ್ಸ್‌ರೇ ಕೂಡ ತುಸು ಹೆಚ್ಚು ತಾಗುತ್ತದೆ. ಆ ಕಾರಣಗಳನ್ನು ತಳ್ಳಿಹಾಕುವಂತಿಲ್ಲ. ಆದರೆ ಅಂಗಾತ ಮಲಗುವವರು ವೈದ್ಯರಲ್ಲ.

ತಕ್ಕಡಿ ಬಾಗಿದ್ದು 2011ರಲ್ಲಿ. ರೈವಲ್ ಎಂಬ ಅಧ್ಯಯನ 32 ದೇಶಗಳ 7,021 ರೋಗಿಗಳದ್ದು. ಸಾವು, ಮತ್ತೆ ಹೃದಯಾಘಾತ, ಪಾರ್ಶ್ವವಾಯು, ರಕ್ತಸ್ರಾವ ಎಲ್ಲ ಸೇರಿಸಿದಾಗ ಎರಡು ದಾರಿಗಳ ನಡುವೆ ದೊಡ್ಡ ಅಂತರ ಕಾಣಲಿಲ್ಲ. ರಕ್ತನಾಳದ ತೊಂದರೆ ಮಾತ್ರ ಕೈಯಲ್ಲಿ ಶೇ. 1.4, ತೊಡೆಯಲ್ಲಿ ಶೇ. 3.7. ‘ಮುಂದಿನ ಸಲವೂ ಇದೇ ದಾರಿ ಬೇಕೇ?’ ಎಂದು ಕೇಳಿದಾಗ ಕೈಯಿಂದ ಮಾಡಿಸಿಕೊಂಡವರಲ್ಲಿ ಶೇ. 90ರಷ್ಟು ಮಂದಿ ಹೌದು ಎಂದರು, ತೊಡೆಯವರಲ್ಲಿ ಅರ್ಧದಷ್ಟು. 2015ರ ಮ್ಯಾಟ್ರಿಕ್ಸ್ ಅಧ್ಯಯನ ಯುರೋಪಿನ ನಾಲ್ಕು ದೇಶಗಳ 8,404 ರೋಗಿಗಳಲ್ಲಿ ಸಾವಿನ ಪ್ರಮಾಣವೂ ಇಳಿದದ್ದನ್ನು ತೋರಿಸಿತು: ತೊಡೆಯಲ್ಲಿ ಶೇ. 2.2, ಕೈಯಲ್ಲಿ ಶೇ. 1.6. ಅದೇ ವರ್ಷ ಯುರೋಪಿನ ಹೃದ್ರೋಗ ತಜ್ಞರ ಮಾರ್ಗಸೂಚಿ, 2021ರಲ್ಲಿ ಅಮೆರಿಕದ್ದು, ಮಣಿಕಟ್ಟಿಗೆ ಮೊದಲ ಆದ್ಯತೆ ಕೊಟ್ಟವು. ಇದಕ್ಕೆ ಎದುರು ಸಾಕ್ಷ್ಯವೂ ಇದೆ. ಕೆನಡಾದ ಸಫಾರಿ ಅಧ್ಯಯನ 2020ರಲ್ಲಿ, ತೊಡೆಯಲ್ಲಿ ನುರಿತವರ ಕೈಯಲ್ಲಿ ಸಾವಿನ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಎಂದಿತು.

ಭಾರತ ಈ ಕಥೆಯಲ್ಲಿ ಬರೀ ನೋಡುಗನಲ್ಲ. ಅಹಮದಾಬಾದಿನ ಡಾ. ತೇಜಸ್ ಪಟೇಲ್ ಮತ್ತು ಡಾ. ಸಂಜಯ್ ಶಾ ಈ ವಿದ್ಯೆಯನ್ನು ಬೆಳೆಸಿ ಲೋಕಕ್ಕೆ ಕಲಿಸಿದವರಲ್ಲಿ ಪ್ರಮುಖರು. ಮುಂಗೈಯಲ್ಲಿ ನಾಳ ಸುರುಳಿ ಸುತ್ತಿಕೊಂಡಿದ್ದರೆ ಕೊಳವೆಯ ಅಂಚು ಒಳಗೋಡೆಯನ್ನು ಕೆರೆಯುತ್ತದೆ, ರೋಗಿ ನೋವಿನಿಂದ ಚೀರುತ್ತಾನೆ. ಕೊಳವೆಯ ಬಾಯಿಯಲ್ಲಿ ಪುಟ್ಟ ಬಲೂನನ್ನು ಅರ್ಧ ಹೊರಗಿಟ್ಟು ಉಬ್ಬಿಸಿ, ಆ ನುಣುಪು ತುದಿಯನ್ನು ಮುಂದೆ ಮಾಡಿ ಜಾರಿಸಿಕೊಂಡು ಹೋಗುವ ಪಟೇಲರ ಉಪಾಯ ಇಂದು ಎಲ್ಲೆಡೆ ಬಳಕೆಯಲ್ಲಿದೆ. 2024ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು. ಅಜ್ಮೀರದ ವೈದ್ಯರು 2,532 ರೋಗಿಗಳಲ್ಲಿ ಅಲ್ನಾರ್ ನಾಳದ ದಾರಿಯನ್ನೂ ಪರೀಕ್ಷಿಸಿ, ನುರಿತವರ ಕೈಯಲ್ಲಿ ಅದು ರೇಡಿಯಲ್‌ಗೆ ಕಡಿಮೆಯಿಲ್ಲ ಎಂದು 2016ರಲ್ಲಿ ವರದಿ ಮಾಡಿದರು.

ಹಾಗಾದರೆ ಮಣಿಕಟ್ಟಿನವರಿಗೆ ಕಷ್ಟವೇ ಇಲ್ಲವೇ? ಇದೆ. ‘ಏನೂ ಗೊತ್ತಾಗಲ್ಲ, ಇರುವೆ ಕಚ್ಚಿದ ಹಾಗೆ’ ಎಂದು ಧೈರ್ಯ ಹೇಳಿ ಕಳಿಸಿದವರಲ್ಲಿ ಕೆಲವರು ಮೊಣಕೈವರೆಗೆ ಕೈ ಹಿಂಡಿದಂತಾಯಿತು ಎಂದು ಹೇಳುತ್ತಾರೆ. ರೇಡಿಯಲ್ ನಾಳದ ಗೋಡೆಯಲ್ಲಿ ಸ್ನಾಯು ಜಾಸ್ತಿ. ಕೆಣಕಿದರೆ, ಭಯವಾದರೆ, ಚಳಿಯಾದರೆ ಮುದುಡಿಕೊಳ್ಳುತ್ತದೆ. ನಾಳ ಸಣ್ಣದಿರುವ ಹೆಂಗಸರಲ್ಲಿ ಇದು ಹೆಚ್ಚು. ಅದಕ್ಕಾಗಿಯೇ ವೆರಾಪಮಿಲ್ ಅಥವಾ ನೈಟ್ರೋಗ್ಲಿಸರಿನ್ ಔಷಧವನ್ನು ನೇರ ನಾಳಕ್ಕೇ ಕೊಡುತ್ತಾರೆ. ಆಗ ಕೈಯೊಳಗೆ ಒಂದು ಕ್ಷಣ ಉರಿಯುವುದುಂಟು. ಮುಂಚೆಯೇ ಹೇಳಿದ್ದರೆ ರೋಗಿ ಹೆದರುವುದಿಲ್ಲ, ಹೆದರದಿದ್ದರೆ ನಾಳವೂ ಅಷ್ಟು ಮುದುಡುವುದಿಲ್ಲ. ಒಂದು ನಿಮಿಷದ ಮಾತು ಇಲ್ಲಿ ಔಷಧದಷ್ಟೇ ಕೆಲಸ ಮಾಡುತ್ತದೆ.

ಇನ್ನೊಂದು ತೊಂದರೆ ಸದ್ದಿಲ್ಲದ್ದು. ಕೆಲಸ ಮುಗಿದ ಮೇಲೆ ಮಣಿಕಟ್ಟಿಗೆ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ ಕಟ್ಟಿ, ಸಿರಿಂಜಿನಿಂದ ಗಾಳಿ ತುಂಬಿ ಉಬ್ಬಿಸುತ್ತಾರೆ. ತೀರ ಬಿಗಿಯಾದರೆ ರಕ್ತದ ಓಟವೇ ನಿಂತು ನಾಳ ಒಳಗೇ ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತದೆ. ಅಲ್ನಾರ್ ಇರುವುದರಿಂದ ಹೆಚ್ಚಿನವರಿಗೆ ಗೊತ್ತೂ ಆಗುವುದಿಲ್ಲ; ಆದರೆ ಮುಂದೆಂದೋ ಅದೇ ದಾರಿ ಬೇಕಾದಾಗ ನಾಡಿಯೇ ಸಿಗದು. 2008ರಲ್ಲಿ ಅಮೆರಿಕದ ಸಮೀರ್ ಪಂಚೋಲಿ ತಂಡ 436 ರೋಗಿಗಳಲ್ಲಿ ಒಂದು ಸರಳ ಕ್ರಮ ಪರೀಕ್ಷಿಸಿತು. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ಅಲ್ನಾರ್ ನಾಳವನ್ನು ಬೆರಳಿನಿಂದ ಒತ್ತಿ ಹಿಡಿದು, ಪರದೆಯ ಮೇಲೆ ಅಲೆ ಮರಳಿ ಮೂಡುವವರೆಗೆ ಪಟ್ಟಿಯನ್ನು ಸಡಿಲಿಸುತ್ತಾ ಬರುವುದು: ರಕ್ತ ಹೊರಗೆ ಚಿಮ್ಮಬಾರದು, ಒಳಗೆ ಹರಿಯುತ್ತಿರಬೇಕು. ಒಂದು ದಿನದ ನಂತರ ನಾಳ ಮುಚ್ಚಿದ್ದವರು ಶೇ. 12ರಿಂದ ಶೇ. 5ಕ್ಕೆ ಇಳಿದರು. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ, ಬೇಕಾದದ್ದು ಗಮನವಿಟ್ಟು ನೋಡುವ ಒಬ್ಬ ನರ್ಸ್. ವಾರ್ಡಿನಲ್ಲಿ ನರ್ಸ್‌ಗಳ ಕೊರತೆಯಿದ್ದರೆ ಮೊದಲು ತಪ್ಪಿಹೋಗುವುದೂ ಇದೇ ಕೆಲಸ. ಪಟ್ಟಿ ಬಿಗಿದು ಬೆರಳು ನೀಲಿಯಾಗಿದೆ ಎಂದು ರೋಗಿ ಹೇಳಿದರೆ ಅದನ್ನು ಸಹನೆಯ ಕೊರತೆ ಎನ್ನಬಾರದು.

2017ರಲ್ಲಿ ಕೀಮನೈ ಮತ್ತೊಂದು ಹೆಜ್ಜೆ ಇಟ್ಟರು. ಎಡಗೈಯ ಹಿಂಭಾಗದಲ್ಲಿ, ಹೆಬ್ಬೆರಳು ಎತ್ತಿದಾಗ ಬುಡದಲ್ಲಿ ಬೀಳುವ ಗುಳಿಯಲ್ಲಿ ನಾಳವನ್ನು ಚುಚ್ಚಿ ಎಪ್ಪತ್ತು ರೋಗಿಗಳ ವರದಿ ಕೊಟ್ಟರು. ಎಡಗೈಯನ್ನು ಹೊಟ್ಟೆಯ ಮೇಲೆ ಆರಾಮವಾಗಿ ಇಟ್ಟುಕೊಳ್ಳಬಹುದು, ಬಲಗೈ ಉಣ್ಣಲು ಬರೆಯಲು ಮುಕ್ತ. ಮಣಿಕಟ್ಟಿನ ನಾಳ ಮುಚ್ಚುವ ಭಯವೂ ಕಡಿಮೆ.

ಈ ಗೆಲುವಿಗೆ ಒಂದು ಬೆಲೆಯೂ ಇದೆ. ಕೈಯಿಂದಲೇ ಕಲಿತ ಹೊಸ ತಲೆಮಾರಿನ ವೈದ್ಯರಿಗೆ ತೊಡೆಯ ಅಭ್ಯಾಸ ತಪ್ಪುತ್ತಿದೆ. ಮಾಂಟ್ರಿಯಲ್‌ನ ತಜ್ಞರೇ ಇದನ್ನು ಗುರುತಿಸಿ, ಇದಕ್ಕೆ ಕಾಂಪೊ ಅವರ ಹೆಸರನ್ನೇ ಇಟ್ಟು ಎಚ್ಚರಿಸಿದರು. ರೋಗಿ ಆಘಾತ ಸ್ಥಿತಿಯಲ್ಲಿದ್ದು ನಾಡಿಯೇ ಸಿಗದಾಗ, ದಪ್ಪ ಉಪಕರಣ ಬೇಕಾದಾಗ ಇಂದಿಗೂ ತೊಡೆಯೇ ಗತಿ. ಎರಡೂ ಕಲಿಸದ ತರಬೇತಿ ಅರೆಬರೆ ತರಬೇತಿ.

ನಿಮಗೋ ನಿಮ್ಮವರಿಗೋ ಆಂಜಿಯೋಗ್ರಾಂ ಬರೆದುಕೊಟ್ಟಿದ್ದರೆ ಯಾವ ದಾರಿ, ಏಕೆ ಎಂದು ಸಂಕೋಚವಿಲ್ಲದೆ ಕೇಳಿ. ಮೂತ್ರಪಿಂಡದ ತೊಂದರೆಯಿದ್ದು ಮುಂದೆ ಡಯಾಲಿಸಿಸ್ ಬೇಕಾಗಬಹುದಾದರೆ, ಈಗಾಗಲೇ ಕೈಯಲ್ಲಿ ಡಯಾಲಿಸಿಸ್‌ಗೆಂದು ನಾಳಗಳನ್ನು ಜೋಡಿಸಿದ ಫಿಸ್ಟುಲಾ ಇದ್ದರೆ, ಅದನ್ನು ಮೊದಲೇ ತಿಳಿಸಿ. ಆ ಕೈ ಉಳಿಸಿಕೊಳ್ಳಬೇಕಾದದ್ದು. ಮನೆಗೆ ಹೊರಡುವ ಮುನ್ನ ಚುಚ್ಚಿದ ಕೈಯ ನಾಡಿ ನೋಡಲು ಹೇಳಿ. ಕೆಲವು ದಿನ ಆ ಕೈಯಲ್ಲಿ ಕೊಡ, ಸಿಲಿಂಡರ್, ಮಗು ಎತ್ತಬೇಡಿ. ರಕ್ತ ಜಿನುಗಿದರೆ ಆ ಜಾಗವನ್ನು ಗಟ್ಟಿಯಾಗಿ ಒತ್ತಿ ಹಿಡಿದು ಆಸ್ಪತ್ರೆಗೆ ಹೋಗಿ. ಮುಂಗೈ ಬಿಗಿದು ಊದಿಕೊಂಡರೆ, ಬೆರಳು ತಣ್ಣಗಾಗಿ ಜೋಮು ಹಿಡಿದರೆ ಮರುದಿನಕ್ಕೆಂದು ಕಾಯಬೇಡಿ.